ಅಡುಗೆಯವನ ಕನ್ನಡ

ನಮ್ಮ ಕನ್ನಡ ಬಳಗದ ಈ ಪತ್ರಿಕೆಯ ಪುಟಗಳನ್ನು ನಾಳೆ ಬೆಳಿಗ್ಗೆ ಮುದ್ರಣಕ್ಕೆ ಕಳುಹಿಸಬೇಕು. ಈಗ ರಾತ್ರಿ ಹನ್ನೊಂದೂವರೆ. ರಾಜ್ಯೋತ್ಸವದ ಬಗ್ಗೆ ಪ್ರತಿವರ್ಷ ಬರೆಯುವುದನ್ನೇ ಬರೆದಿಟ್ಟಿದ್ದೆ. ಈಗ ಅಳಿಸಿದ್ದೇನೆ. ಕಾರಣ ನನ್ನ ಮಗಳು.

ಮೊನ್ನೆ ರಾಜ್ಯೋತ್ಸವದ ಪ್ರಹಸನದ ತಾಲೀಮು ಮುಗಿಸಿ ಟೊರಾಂಟೊದ ಸ್ಕಾರ್ಬರೋ ದಾಟಿ ಮನೆಗೆ ಬರುವಾಗ ಹಿಂದಿನ ಸೀಟಿನಿಂದ ಕೇಳಿದಳು: “ಅಮ್ಮಾ, ಅಡುಗೆಯವನು ಅಜ್ಜಿಯ ಹಾಗೆಯೇ ಮಾತನಾಡುತ್ತಾನೆ. ಎಲ್ಲರೂ ನಗುತ್ತಾರೆ. ಅಜ್ಜಿಯೂ ತಮಾಷೆಗೆ ಹಾಗೆ ಮಾತನಾಡುವುದಾ?”

ಪ್ರಹಸನ ಬರೆದವಳು ನಾನೇ. ವೈದ್ಯನಿಗೆ ಪುಸ್ತಕದ ಕನ್ನಡ, ಅಡುಗೆಯವನಿಗೆ ಕುಂದಾಪುರದ ಕನ್ನಡ. ಅವನು “ಹ್ವಾಯ್” ಎಂದರೆ ಸಾಕು, ಸಭೆ ನಗುತ್ತದೆ ಎಂಬ ಲೆಕ್ಕ ನನ್ನದು. ಲೆಕ್ಕ ತಪ್ಪಿರಲಿಲ್ಲ.

ನಾನು ಚಿಕ್ಕವಳಿದ್ದಾಗ ಊರಿನಲ್ಲಿ, ಕೊಯ್ಲು ಮುಗಿದ ಗದ್ದೆಯಲ್ಲಿ ಯಕ್ಷಗಾನ ಬಯಲಾಟ. ಚಾಪೆ, ಕಂಬಳಿ, ಅಮ್ಮನ ತೊಡೆಯ ಮೇಲೆ ನನ್ನ ತಲೆ. ಅರಸನ ವೇಷ ಗ್ರಾಂಥಿಕ ಕನ್ನಡದಲ್ಲಿ ಉದ್ದಕ್ಕೆ ಅರ್ಥ ಹೇಳುವಾಗ ನನಗೆ ಗಡದ್ದು ನಿದ್ದೆ. ಹಾಸ್ಯಗಾರ ಬಂದನೆಂದರೆ ಅಮ್ಮ ಭುಜ ಅಲುಗಿಸಿ ಎಬ್ಬಿಸುತ್ತಿದ್ದಳು. ವೇಷ ಯಾವುದೇ ಇರಲಿ, ಅವನು ಆಡುತ್ತಿದ್ದುದು ನಮ್ಮ ಅಂಗಳದ ಮಾತು. ಉಳಿದವರು ಅರಸನಿಗೆ ಹೇಳಲಾಗದ್ದನ್ನು ಅವನೊಬ್ಬ ಹೇಳುತ್ತಿದ್ದ. ಮರುದಿನ ಅಮ್ಮ ಬೂದಿ ಹತ್ತಿದ ತೆಂಗಿನ ನಾರು ಹಿಡಿದು ಪಾತ್ರೆ ತಿಕ್ಕುತ್ತ ಅವನ ಮಾತುಗಳನ್ನು ಒಂದಕ್ಷರ ಬಿಡದೆ ಒಪ್ಪಿಸುತ್ತಿದ್ದಳು. ಎಲ್ಲಿ ತಡೆದು ನಿಂತ, ಎಲ್ಲಿ ಭಾಗವತರ ಕಡೆ ತಿರುಗಿದ ಎಂಬುದೂ ಸೇರಿ. ಮುಖದಲ್ಲಿ ನಗುವಿರುತ್ತಿರಲಿಲ್ಲ. ಪದ್ಯ ಒಪ್ಪಿಸುವ ಮುಖ. ಶಾಲೆಯಲ್ಲಿ ನಾನು “ಹೋಯ್ಕ್” ಎಂದರೆ “ಹೋಗಬೇಕು” ಎಂದು ಹತ್ತು ಸಲ ಬರೆಸುತ್ತಿದ್ದರು.

ಕಚೇರಿಯಲ್ಲಿ ಪಕ್ಕದ ಮೇಜಿನ ಜಮೈಕಾದ ಗೆಳತಿಗೆ ಇದನ್ನು ಹೇಳಿದಾಗ ಅವಳು ‘ಮಿಸ್ ಲೂ’ ಹೆಸರೆತ್ತಿದಳು. ಲೂಯೀಸ್ ಬೆನೆಟ್: ಜಮೈಕಾದ ಆಡುಮಾತಿನಲ್ಲೇ ಪದ್ಯ ಕಟ್ಟಿ ವೇದಿಕೆಯಲ್ಲಿ, ರೇಡಿಯೋದಲ್ಲಿ ಹೇಳಿದವರು. ಕೊನೆಯ ವರ್ಷಗಳನ್ನು ಇದೇ ಟೊರಾಂಟೊದಲ್ಲಿ ಕಳೆದು 2006ರಲ್ಲಿ ತೀರಿಕೊಂಡರು. ಆದರೆ ಜಮೈಕಾದ ಓದಿದ ಎಷ್ಟೋ ಮಂದಿಗೆ ಅವರು ಬರೀ ನಗಿಸುವ ಹೆಂಗಸು. ರೋಡ್ಸ್ ವಿದ್ಯಾರ್ಥಿವೇತನದಲ್ಲಿ ಆಕ್ಸ್‌ಫರ್ಡಿಗೆ ಹೋಗಿ ಬಂದ ಅಲ್ಲಿನ ಕವಿ ಮರ್ವಿನ್ ಮಾರಿಸ್, ದೇಶ ಸ್ವತಂತ್ರವಾದ ಎರಡೇ ವರ್ಷಕ್ಕೆ, 1964ರಲ್ಲಿ, ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಶೀರ್ಷಿಕೆಯನ್ನು ಕನ್ನಡಕ್ಕೆ ತಂದರೆ: ‘ಲೂಯೀಸ್ ಬೆನೆಟ್‌ರನ್ನು ಓದುವುದು, ಗಂಭೀರವಾಗಿ’. ಆ ಅಲ್ಪವಿರಾಮ ಮೂಲದಲ್ಲೂ ಇದೆ. “ಹೌದು ಸ್ವಾಮಿ, ನೀವು ಕೇಳಿದ್ದು ಸರಿಯಾಗಿಯೇ ಇದೆ” ಎಂದು ನಡುವೆ ಒಂದು ಕ್ಷಣ ನಿಂತ ಹಾಗೆ. ಬರೀ ಹೊಗಳಲಿಲ್ಲ; ಸೋತ ಪದ್ಯ ಸೋತಿದೆ ಎಂದೂ ಬರೆದರು. ಕವಿ ಎಂದು ಒಪ್ಪಿದ ಮೇಲೆ ತಾನೇ ಆ ತಕರಾರು?

ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಪಾಠ ಹೇಳುತ್ತಲೇ ಮಾರಿಸ್ 1982ರಲ್ಲಿ ಬೆನೆಟ್ಟರ ಆಯ್ದ ಕವಿತೆಗಳನ್ನು ಸಂಪಾದಿಸಿದರು. ವೇದಿಕೆಯಲ್ಲಿ ಗುಡುಗುತ್ತಿದ್ದ ಯುವಕವಿ ಮೈಕಲ್ ಸ್ಮಿತ್ 1983ರಲ್ಲಿ ಕೊಲೆಯಾದ. ಅವನ ಕವಿತೆಗಳನ್ನು ಮಾರಿಸ್ 1986ರಲ್ಲಿ ಪುಸ್ತಕವಾಗಿ ತಂದರು. ಕೂಗನ್ನು ಯಾವ ಸಾಲಿನಲ್ಲಿ ಮುರಿಯುವುದು, ಆಡುಮಾತಿಗೆ ಯಾವ ಕಾಗುಣಿತ ಕೊಡುವುದು ಎಂಬ ತಲೆನೋವಿನಲ್ಲೇ ಅವರ ಆಯುಷ್ಯದ ದೊಡ್ಡ ಪಾಲು ಕಳೆಯಿತು. 2014ರಲ್ಲಿ ಜಮೈಕಾ ಅವರನ್ನು ರಾಷ್ಟ್ರಕವಿಯನ್ನಾಗಿ ಮಾಡಿತು. ನಾನು ಎಂಟು ಪುಟಕ್ಕೇ ಸುಸ್ತಾಗಿದ್ದೇನೆ.

ಮರೆಯುವ ಮೊದಲು: ದೀಪಾವಳಿ ಊಟಕ್ಕೆ ಹೆಸರು ಕೊಡಲು ಈ ಭಾನುವಾರವೇ ಕೊನೆ. ರಾಜ್ಯೋತ್ಸವ ನವೆಂಬರ್ ಎರಡನೆಯ ಶನಿವಾರ ಮಧ್ಯಾಹ್ನ ಮೂರಕ್ಕೆ. ಮೂರು ಎಂದರೆ ಮೂರು. ಮಕ್ಕಳ ಕನ್ನಡ ತರಗತಿ ಕೆಳಗಿನ ಕೋಣೆಗೆ ಬದಲಾಗಿದೆ. ಬಿಸಿಬೇಳೆಬಾತ್ ತರುವವರು ಪಾತ್ರೆಯ ಮೇಲೆ ಹೆಸರು ಬರೆಯಿರಿ. ಹೋದ ವರ್ಷದ ಮೂರು ಮುಚ್ಚಳಗಳು ಇನ್ನೂ ನಮ್ಮ ಗ್ಯಾರೇಜಿನಲ್ಲಿವೆ. ಕುರ್ಚಿ ಎತ್ತಲು ಜನ ಬೇಕು. ಜನವರಿಯಿಂದ ಈ ಪತ್ರಿಕೆಗೂ ಬೇಕು, ನಿಜಕ್ಕೂ.

ಪ್ರಹಸನವನ್ನು ತಿದ್ದುತ್ತಿದ್ದೇನೆ. ಕುಂದಾಪುರದ ಕನ್ನಡ ಈಗ ವೈದ್ಯನದು. ನಿನ್ನೆ ಫೋನಿನಲ್ಲಿ ಅಮ್ಮನಿಗೆ ಓದಿದೆ. ರೋಗಿಗೆ ಕಾಯಿಲೆ ತಿಳಿಸುವ ಜಾಗದಲ್ಲಿ ತಡೆದು, “ಯಾರೂ ಹೀಗೆ ಹೇಳುವುದಿಲ್ಲ” ಎಂದು ಎರಡು ಸಾಲು ಹೊಡೆದು ಹಾಕಿಸಿದಳು. ವೈದ್ಯನ ಪಾತ್ರಧಾರಿ ಮೈಸೂರಿನವರು. ನಾಲಿಗೆ ಹೊರಳುವುದಿಲ್ಲ ಎಂದು ಹಿಂದೆ ಸರಿದಿದ್ದಾರೆ. ಕುಂದಾಪುರ, ಕೋಟ, ಬೈಂದೂರು ಕಡೆಯವರು ಯಾರಾದರೂ ಇದ್ದರೆ ಶುಕ್ರವಾರದೊಳಗೆ ಕರೆ ಮಾಡಿ. ಬಿಳಿ ಕೋಟು ನಮ್ಮಲ್ಲೇ ಇದೆ.