ಅಪ್ಪನ ಹೆಸರು ಓದಿದ ದಿನ, ದಫೇದಾರ್ ಮಾಮನಿಗೆ

ಮೊನ್ನೆ ಅಕ್ಟೋಬರ್ 21ರಂದು, ಪೊಲೀಸ್ ಹುತಾತ್ಮರ ದಿನಾಚರಣೆಯಲ್ಲಿ ಅಪ್ಪನ ಹೆಸರು ಓದಿದರು. ಅವತ್ತಿನಿಂದ ಎಷ್ಟೋ ಜನ ಮೆಸೇಜ್ ಮಾಡಿದ್ದೀರಿ, ಮನೆಗೂ ಬಂದಿದ್ದೀರಿ. ಒಬ್ಬೊಬ್ಬರಿಗೂ ಉತ್ತರ ಬರೆಯೋದು ನನ್ನಿಂದ ಆಗಲಿಲ್ಲ. ಅದಕ್ಕೇ ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಹೆದ್ದಾರಿಯಲ್ಲಿ ಡ್ಯೂಟಿ ಮೇಲಿದ್ದ ಅಪ್ಪ ತೀರಿಕೊಂಡ ಆ ರಾತ್ರಿ ಏನಾಯಿತು ಅಂತ ಮತ್ತೆ ಹೇಳಲ್ಲ. ನಿಮಗೆಲ್ಲ ಗೊತ್ತೇ ಇದೆ.

ಈ ದಿನ ಅಪ್ಪನಿಗೆ ಬಹಳ ದೊಡ್ಡದು. ಪ್ರತಿ ವರ್ಷ ನಸುಕಿಗೇ ಎದ್ದು ಪೆರೇಡಿಗೆ ಹೊರಡುತ್ತಿದ್ದರು. ನಾವು ಚಿಕ್ಕವರಿದ್ದಾಗ ಲಡಾಖಿನ ಹಾಟ್ ಸ್ಪ್ರಿಂಗ್ಸ್ ಬಗ್ಗೆ ಹೇಳಿದ್ದರು. 1959ರ ಇದೇ ದಿನ, ಕಾಣೆಯಾದ ಸಂಗಡಿಗರನ್ನು ಹುಡುಕಿಕೊಂಡು ಹೋದ ತಂಡದ ಮೇಲೆ ಚೀನಾ ಸೈನಿಕರು ಗುಂಡು ಹಾರಿಸಿದರು. ನಮ್ಮ 10 ಪೊಲೀಸರು ಸತ್ತರು. ಅವರ ದೇಹಗಳು ವಾಪಸ್ ಸಿಗೋಕೆ ವಾರಗಳೇ ಹಿಡಿದವು. ಆ ವಾರಗಳು ಅವರ ಮನೆಗಳಲ್ಲಿ ಹೇಗೆ ಕಳೆದಿರಬಹುದು ಅಂತ ನಾನು ಆಗ ಯೋಚಿಸಿರಲಿಲ್ಲ.

ಅಪ್ಪ ಹನೂರು ಕಡೆಯವರು. 1992ರ ಆಗಸ್ಟ್ 14ರಂದು ಮೀಣ್ಯಂ ಹತ್ತಿರ ವೀರಪ್ಪನ್ ಒಡ್ಡಿದ ಬಲೆಯಲ್ಲಿ ಎಸ್‌ಪಿ ಹರಿಕೃಷ್ಣ, ಎಸ್‌ಐ ಶಕೀಲ್ ಅಹ್ಮದ್ ತೀರಿಕೊಂಡಾಗ ಅವರಿಗಿನ್ನೂ ಕೆಲಸ ಸಿಕ್ಕಿರಲಿಲ್ಲ. ಆಮೇಲೆ ಇಲಾಖೆಗೇ ಸೇರಿದರು. "ಆ ಇಬ್ಬರು ಸಾಹೇಬರ ಹೆಸರು ಎಲ್ಲರಿಗೂ ಗೊತ್ತು. ಜೊತೆಗೇ ಸತ್ತ ನಾಲ್ವರು ಕಾನ್‌ಸ್ಟೆಬಲ್‌ಗಳ ಹೆಸರು ಯಾರಿಗೆ ಗೊತ್ತು?" ಅಂತ ಕೇಳುತ್ತಿದ್ದರು. ಅಕ್ಟೋಬರ್ 21ರ ಪಟ್ಟಿ ಅವರಿಗೆ ಇಷ್ಟವಾಗಿದ್ದು ಅದಕ್ಕೇ. ಹಿಂದಿನ ಸೆಪ್ಟೆಂಬರ್‌ನಿಂದ ಈ ಆಗಸ್ಟ್‌ವರೆಗೆ ಡ್ಯೂಟಿಯಲ್ಲಿ ಪ್ರಾಣ ಬಿಟ್ಟವರ ಪಟ್ಟಿ ಅದು. ಅದರಲ್ಲಿ ಕಾನ್‌ಸ್ಟೆಬಲ್ ಹೆಸರೂ ಬರುತ್ತೆ, ಸಾಹೇಬರ ಹೆಸರೂ ಬರುತ್ತೆ.

ಕ್ವಾರ್ಟರ್ಸಿನ ಅಕ್ಕಪಕ್ಕದವರಿಗೆ, ನಮ್ಮ ಮನೆಯಲ್ಲಿ ಒಲೆ ಹಚ್ಚೋಕೆ ಬಿಡದೆ ಊಟ ತಂದುಕೊಟ್ಟ ಅತ್ತೆಯರಿಗೆ, ಪೆನ್ಷನ್ ಕಾಗದ ಮುಂದೆ ಹೋಗುವಂತೆ ನೋಡಿಕೊಂಡ ಗುಮಾಸ್ತರಿಗೆ, ತಮ್ಮನ ಅನುಕಂಪದ ನೌಕರಿ ಅರ್ಜಿಗೆ ಓಡಾಡಿದವರಿಗೆ, ನನ್ನ ಕ್ಲಾಸುಗಳನ್ನೆಲ್ಲ ತೆಗೆದುಕೊಂಡ ಶಾಲೆಯ ಗೆಳತಿಯರಿಗೆ ನಾವು ಋಣಿಗಳು.

ಆದರೆ ಒಬ್ಬರ ಬಗ್ಗೆ ಜಾಸ್ತಿ ಬರೆಯಲೇಬೇಕು. ಆ ರಾತ್ರಿ ಅಪ್ಪನ ಜೊತೆ ಡ್ಯೂಟಿಯಲ್ಲಿದ್ದ ಹೆಡ್ ಕಾನ್‌ಸ್ಟೆಬಲ್ ಅವರು. ನಾವು ಅವರನ್ನು ದಫೇದಾರ್ ಮಾಮ ಅಂತಲೇ ಕರೆಯೋದು.

ಪೋಸ್ಟ್‌ಮಾರ್ಟಂ ಬೆಳಿಗ್ಗೆಯೇ ಅಂದರು. ಇಡೀ ರಾತ್ರಿ ಶವಾಗಾರದ ಹೊರಗಿನ ಕಲ್ಲುಬೆಂಚಿನ ಮೇಲೆ ನಾವು ಮೂವರು. ಬಂದವರು ಬಂದರು, ಸಮಾಧಾನ ಹೇಳಿ ಹೋದರು. ಮಾಮ ಹೋಗಲಿಲ್ಲ. ಅವರ ಶರ್ಟಿನ ತುಂಬ ಅಪ್ಪನ ರಕ್ತ ಇತ್ತು. ಅದನ್ನು ಅಮ್ಮ ನೋಡಬಾರದು ಅಂತ ಯಾರದೋ ಶಾಲು ಹೊದ್ದುಕೊಂಡು ನಿಂತಿದ್ದರು. ಕ್ಯಾಮೆರಾ ಹಿಡಿದು ಬಂದವರನ್ನು ಗೇಟಿನಾಚೆಯೇ ತಡೆದರು. ನಾನು ಒಳಗೆ ಹೋಗ್ತೀನಿ ಅಂತ ಹಟ ಹಿಡಿದಾಗ, "ಈಗ ಬ್ಯಾಡ ಕೂಸೇ. ಬೆಳಿಗ್ಗೆ ನಾನೇ ಕರ್ಕೊಂಡೋಯ್ತೀನಿ" ಅಂದರು. ಬೈಯಲಿಲ್ಲ, ಬೋಧನೆ ಮಾಡಲಿಲ್ಲ. "ಧೈರ್ಯ ತಗೋ" ಅಂತ ಒಂದು ಸಲವೂ ಹೇಳಲಿಲ್ಲ. ಅಮ್ಮ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಸಂಜೆ ಏನು ತಿಂದಿದ್ದರು? ಚಳಿಗೆ ಸ್ವೆಟರ್ ಹಾಕಿದ್ದರಾ? ಮನೆ ವಿಷಯ ಏನಾದರೂ ಮಾತಾಡಿದರಾ? ಅಮ್ಮ ಮತ್ತೆ ಮತ್ತೆ ಅದನ್ನೇ ಕೇಳಿದಳು. ಮಾಮ ಮತ್ತೆ ಮತ್ತೆ ಹೇಳಿದರು.

ನಸುಕಿನಲ್ಲಿ ನಮ್ಮ ಮನೆಗೆ ಹೋಗಿ ಅಪ್ಪನ ಇನ್ನೊಂದು ಜೊತೆ ಯೂನಿಫಾರ್ಮ್, ಬೂಟು ತಂದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬೂಟಿಗೆ ಪಾಲಿಶ್ ಹಾಕಿದರು. ಎಷ್ಟೋ ಹೊತ್ತು ಉಜ್ಜಿದರು. ಸಾಕು ಮಾಮ ಅಂದೆ. "ಸರ್ ಇದು ಹೊಳೀದೆ ಮನೆಯಿಂದ ಆಚೆ ಕಾಲಿಡ್ತಿರ್ಲಿಲ್ಲ ಕಣವ್ವ" ಅಂದರು. ಆಗ ಅವರು ಅತ್ತರು. ಆ ರಾತ್ರಿಯಲ್ಲಿ ಅದೇ ಮೊದಲು.

ಮೊನ್ನೆ ಮೂರು ಸುತ್ತು ಕುಶಾಲತೋಪು ಹಾರಿಸಿದಾಗ ಅಮ್ಮ ಬೆಚ್ಚಿ ನನ್ನ ಕೈ ಹಿಡಿದಳು. ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಹೇಳೋಕೂ ಬರದ ಸಿಟ್ಟು. ಅಪ್ಪ ಹೊಳೆಯುವ ಜಾಕೆಟ್ ಹಾಕಿದ್ದರು. ಕೈಯಲ್ಲಿ ಲೈಟ್ ಬ್ಯಾಟನ್ ಇತ್ತು. ಆದರೂ ಗಾಡಿ ನಿಲ್ಲಲಿಲ್ಲ. ರಿಟೈರ್ ಆದಮೇಲೆ ಊರಿನ ಜಮೀನಿಗೆ ಬಾಳೆ ಹಾಕಬೇಕು ಅಂತಿದ್ದ ಮನುಷ್ಯ. ಹೆಮ್ಮೆ ಪಡಿ ಅಂತ ಎಲ್ಲರೂ ಹೇಳುತ್ತಾರೆ. ಹೆಮ್ಮೆ ಖಂಡಿತ ಇದೆ. ಆದರೆ ಅಮ್ಮ ಈಗಲೂ ರಾತ್ರಿ ಬೈಕ್ ಶಬ್ದ ಕೇಳಿದರೆ ಎದ್ದು ಕೂರುತ್ತಾಳೆ. ಆ ಹೊತ್ತಿನಲ್ಲಿ ಹೆಮ್ಮೆ ಯಾವ ಕೆಲಸಕ್ಕೂ ಬರಲ್ಲ.

ದೆಹಲಿಯ ಚಾಣಕ್ಯಪುರಿಯಲ್ಲಿ 2018ರಲ್ಲಿ ರಾಷ್ಟ್ರೀಯ ಪೊಲೀಸ್ ಸ್ಮಾರಕ ಆಯಿತಲ್ಲ, ಅಲ್ಲಿನ ಗೋಡೆಯ ಮೇಲೆ ಹೀಗೆ ಹೋದ 34 ಸಾವಿರಕ್ಕೂ ಹೆಚ್ಚು ಜನರ ಹೆಸರುಗಳಿವೆ. ಅಮ್ಮನನ್ನು ಅಲ್ಲಿಗೆ ಕರ್ಕೊಂಡು ಹೋಗಬೇಕು ಅಂತ ತಮ್ಮನ ಆಸೆ. ಹೋಗೋಣ ಅಂದಿದ್ದೇನೆ.

ಮಾಮ, ಈಗ ನಿಮಗೊಂದು ಮಾತು. ಎಲ್ಲರೂ ಓದಲಿ ಅಂತಲೇ ಇಲ್ಲಿ ಬರೆಯುತ್ತಿದ್ದೇನೆ. ಅಪ್ಪ ನಿಮ್ಮನ್ನು ಟೀ ತರೋಕೆ ಕಳಿಸಿದ್ದರು, ನೀವು ವಾಪಸ್ ಬರೋ ಹೊತ್ತಿಗೆ ಎಲ್ಲ ಮುಗಿದಿತ್ತು. ಅದು ನಮಗೆ ಗೊತ್ತು, ಅಮ್ಮನಿಗೂ ಗೊತ್ತು. ಅವತ್ತಿನಿಂದ ನಮ್ಮ ಎಲ್ಲ ಕೆಲಸಕ್ಕೂ ನೀವೇ ಓಡಾಡಿದ್ದೀರಿ. ಆದರೆ ಒಂದು ಸಲವೂ ಮನೆಯೊಳಗೆ ಬಂದು ಕೂತಿಲ್ಲ. ಗೇಟಿನಲ್ಲೇ ಫೈಲ್ ಕೊಟ್ಟು, ತಲೆ ಬಗ್ಗಿಸಿಕೊಂಡು ಹೋಗಿಬಿಡುತ್ತೀರಿ. ನಿಮ್ಮದೇನೂ ತಪ್ಪಿಲ್ಲ ಮಾಮ. ನಾವು ಒಂದು ದಿನವೂ ಹಾಗೆ ಅಂದುಕೊಂಡಿಲ್ಲ. ಅಪ್ಪ ಇದ್ದಿದ್ದರೆ ನಿಮ್ಮನ್ನು ಬೈದು ಒಳಗೆ ಕೂರಿಸುತ್ತಿದ್ದರು.

ಭಾನುವಾರ ಅತ್ತೆಯನ್ನೂ ಕರ್ಕೊಂಡು ಊಟಕ್ಕೆ ಬನ್ನಿ. ಅಮ್ಮ ಮುದ್ದೆ, ಉಪ್ಸಾರು ಮಾಡ್ತಾಳಂತೆ. ನೈಟ್ ಡ್ಯೂಟಿ ಇದ್ದರೆ ಮಧ್ಯಾಹ್ನವೇ ಬನ್ನಿ.