ಪ್ರೆಸ್ ಶಾಪಿನ ಸದ್ದು

ಬರ್ಮಿಂಗ್‌ಹ್ಯಾಮ್
3 ಆಗಸ್ಟ್ 2025

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗ ಮಾಡುವ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಅಮ್ಮನ ಮಂಡಿನೋವು ಹೇಗಿದೆ? ಕಳಿಸಿದ ಎಣ್ಣೆ ತಲುಪಿತೇ ತಿಳಿಸಿ.

ಬುಧವಾರ ನೀವು ಫೋನ್ ಮಾಡಿದಾಗ ನಾನು ಎತ್ತಲಿಲ್ಲ. ಸಂಜೆ ಮಾತಾಡಿದಾಗ ದನಿ ಕಟ್ಟಿತ್ತು ಅಂತ ಅಮ್ಮ ಗಾಬರಿಯಾದಳಂತೆ. ಗಾಬರಿ ಬೇಡ. ಆ ಹೊತ್ತಿಗೆ ನಾನೊಂದು ಶವಯಾತ್ರೆ ನೋಡಲು ರಸ್ತೆ ಬದಿಯಲ್ಲಿ ನಿಂತಿದ್ದೆ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಓಝಿ ಆಸ್ಬರ್ನ್ ಜುಲೈ 22ರಂದು ತೀರಿಕೊಂಡ. 76 ವರ್ಷ ವಯಸ್ಸು. ಹೆಸರು ನಿಮಗೆ ನೆನಪಿರಲಿಕ್ಕಿಲ್ಲ, ಮುಖ ನೆನಪಿರುತ್ತದೆ. ಪೀಣ್ಯದ ಮನೆಯಲ್ಲಿ ನನ್ನ ಮಂಚದ ಮೇಲಿನ ಗೋಡೆಗೆ ಅಂಟಿಸಿದ್ದೆನಲ್ಲ, ಕಣ್ಣಿಗೆ ಕಾಡಿಗೆ ತೀಡಿಕೊಂಡು ಉದ್ದ ಕೂದಲು ಬಿಟ್ಟವನು. ಮನೆಗೆ ಸುಣ್ಣ ಹೊಡೆಸುವಾಗ ಅಜ್ಜಿ "ಈ ದೆವ್ವ ಮೊದಲು ಹೊರಗೆ ಹೋಗಲಿ" ಅಂತ ಕೀಳಿಸಿದ್ದಳು. ಅವನೇ. ಬ್ಲ್ಯಾಕ್ ಸ್ಯಾಬತ್ ಅನ್ನುವ ಬ್ಯಾಂಡಿನ ಹಾಡುಗಾರ.

ಅವನು ಇದೇ ಊರಿನವನು ಅಪ್ಪ. ಇಲ್ಲಿಗೆ ಕೆಲಸಕ್ಕೆ ಬರುವಾಗ ನನಗೆ ಅದು ಗೊತ್ತಿತ್ತು, ಆದರೆ ಊರು ಅಂದರೆ ಏನು ಅಂತ ಗೊತ್ತಿರಲಿಲ್ಲ. ಹುಟ್ಟಿದ್ದು 1948ರಲ್ಲಿ, ಬೆಳೆದದ್ದು ಆಸ್ಟನ್ ಅನ್ನುವ ಕಾರ್ಮಿಕರ ಬಡಾವಣೆಯಲ್ಲಿ. ಅವನ ಅಪ್ಪ ಟೂಲ್ ಮೇಕರ್, ರಾತ್ರಿ ಪಾಳಿ. ಅಮ್ಮ ಲ್ಯೂಕಾಸ್ ಕಾರ್ಖಾನೆಯಲ್ಲಿ. ಸಣ್ಣ ಮನೆ, ಆರು ಮಕ್ಕಳು. ಹದಿನೈದಕ್ಕೇ ಶಾಲೆ ಬಿಟ್ಟ ಈ ಹುಡುಗನನ್ನೂ ಅಮ್ಮ ಅದೇ ಲ್ಯೂಕಾಸ್‌ಗೆ ಸೇರಿಸಿದಳು. ಕೆಲಸ ಏನು ಗೊತ್ತೇ? ಕಾರಿನ ಹಾರ್ನ್‌ಗಳನ್ನು ಒಂದೊಂದಾಗಿ ಊದಿಸಿ ಶ್ರುತಿ ಸರಿಮಾಡುವುದು, ಇಡೀ ದಿನ. ಕಸಾಯಿಖಾನೆಯಲ್ಲೂ ದುಡಿದ. ಕಳ್ಳತನ ಮಾಡಿ ಆರು ವಾರ ಜೈಲಿನಲ್ಲೂ ಇದ್ದ. ಅಪ್ಪ ದಂಡ ಕಟ್ಟದೆ, ಬುದ್ಧಿ ಬರಲಿ ಅಂತ ಬಿಟ್ಟರಂತೆ. ಅದೇ ಅಪ್ಪ ಮುಂದೆ 250 ಪೌಂಡ್ ಸಾಲ ಮಾಡಿ ಮಗನಿಗೆ ಮೈಕ್, ಆಂಪ್ಲಿಫೈಯರ್ ಕೊಡಿಸಿದರು. ಸ್ವಂತ ಮೈಕ್ ಸೆಟ್ ಇದ್ದವನಿಗೆ ಬ್ಯಾಂಡಿನಲ್ಲಿ ಜಾಗ ಸಿಗುತ್ತಿದ್ದ ಕಾಲ ಅದು. ಈ ಸಾಲದ ಕತೆ ಓದಿದ ರಾತ್ರಿ, ನನ್ನ ಡಿಪ್ಲೊಮಾ ಫೀಸಿಗೆ ನೀವು ಫ್ಯಾಕ್ಟರಿ ಸೊಸೈಟಿಯಲ್ಲಿ ಸಾಲ ಎತ್ತಿದ್ದು ನೆನಪಾಗಿ ತುಂಬಾ ಹೊತ್ತು ನಿದ್ದೆ ಬರಲಿಲ್ಲ.

ನಿಮಗೆ ಮುಖ್ಯವಾಗಿ ಹೇಳಬೇಕಾದದ್ದು ಆ ಬ್ಯಾಂಡಿನ ಗಿಟಾರ್ ವಾದಕನ ಕತೆ. ಟೋನಿ ಅಯೋಮಿ. ಓಝಿ ಓದಿದ ಶಾಲೆಯಲ್ಲೇ ಓದಿದವನು. ಹದಿನೇಳನೇ ವಯಸ್ಸಿಗೆ ಶೀಟ್ ಮೆಟಲ್ ಕಾರ್ಖಾನೆಯಲ್ಲಿ ವೆಲ್ಡರ್. ಕೆಲಸ ಬಿಡುವ ಕೊನೇ ದಿನ ತಗಡು ಒತ್ತುವ ಪ್ರೆಸ್ ಯಂತ್ರದ ಆಪರೇಟರ್ ಬಂದಿರಲಿಲ್ಲ ಅಂತ ಇವನನ್ನು ಪ್ರೆಸ್ಸಿಗೆ ನಿಲ್ಲಿಸಿದರು. ಪ್ರೆಸ್ ಬಲಗೈ ಮೇಲೆ ಇಳಿಯಿತು. ನಡುಬೆರಳು, ಉಂಗುರಬೆರಳು, ಎರಡರ ತುದಿಯೂ ಹೋಯಿತು. ಅವನು ಎಡಚ, ತಂತಿ ಒತ್ತುವುದೇ ಬಲಗೈಯಲ್ಲಿ.

ಮುಂದಿನದನ್ನು ನೀವು ಓದಲಾರಿರೇನೋ ಅಂದುಕೊಂಡೆ. ಆದರೂ ಬರೆಯುತ್ತೇನೆ, ಯಾಕೆಂದರೆ ಇದನ್ನು ನನಗಿಂತ ಚೆನ್ನಾಗಿ ಬಲ್ಲವರು ನೀವು. ಕಾರ್ಖಾನೆಯ ಮೇಲಧಿಕಾರಿ ಅವನ ಮನೆಗೆ ಬಂದು ಒಂದು ರೆಕಾರ್ಡ್ ಕೊಟ್ಟರಂತೆ. ಜಾಂಗೊ ರೈನ್‌ಹಾರ್ಟ್ ಅಂತ, ಬೆಂಕಿಯಲ್ಲಿ ಎರಡು ಬೆರಳು ಸುಟ್ಟುಕೊಂಡ ಮೇಲೂ ಗಿಟಾರ್ ನುಡಿಸಿದ ಮಹಾನುಭಾವ. ಅದನ್ನು ಕೇಳಿದ ಟೋನಿ ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಉಂಡೆ ಮಾಡಿದ, ಸಾಲ್ಡರಿಂಗ್ ಐರನ್ನಿನಿಂದ ತೂತು ಕೊರೆದ, ಬೆರಳಿಗೆ ಹೊಂದುವ ತನಕ ಉಜ್ಜಿದ, ಹಳೇ ಜಾಕೆಟ್ಟಿನ ಚರ್ಮ ಅಂಟಿಸಿದ. ತಾನೇ ಫಿಟ್ಟರ್, ತಾನೇ ಡಾಕ್ಟರ್. ದಪ್ಪ ತಂತಿ ಒತ್ತಲು ಆಗದೆ ತೆಳು ತಂತಿ ಹಾಕಿದ. ಮುಂದೆ ತಂತಿ ಸಡಿಲಿಸಿ ಶ್ರುತಿಯನ್ನೇ ಕೆಳಗಿಳಿಸಿದ. ಸಡಿಲ ಬಿಟ್ಟ ತಂತಿಯಿಂದ ಎದೆಗೆ ಗುದ್ದುವಂಥ ಭಾರವಾದ ದನಿ ಬಂತು. ಇವತ್ತು ಪ್ರಪಂಚವೆಲ್ಲ ಹೆವಿ ಮೆಟಲ್ ಅನ್ನುವುದು ಅದನ್ನೇ.

1996ರಲ್ಲಿ ನಿಮ್ಮ ತೋರುಬೆರಳು ಹೋದಾಗ ನನಗೆ ಆರು ವರ್ಷ. ಬ್ಯಾಂಡೇಜ್ ಬಿಚ್ಚಿದ ದಿನ ನೀವು ಸ್ಕ್ರೂ ಡ್ರೈವರ್ ಹಿಡಿದು ನೋಡಿ, ಹಿಡಿತ ಸಾಲದೆ, ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿದ್ದು ಕಣ್ಣಿಗೆ ಕಟ್ಟಿದಂತಿದೆ.

ಓಝಿಯ ಬಗ್ಗೆ ಒಳ್ಳೆಯದನ್ನಷ್ಟೇ ಬರೆದರೆ ಸುಳ್ಳಾಗುತ್ತದೆ. ಕುಡಿತ, ಮಾದಕ ವಸ್ತು, ಮನೆಯವರಿಗೆ ಕೊಟ್ಟ ಸಂಕಟ, ಯಾವುದೂ ಸಣ್ಣದಲ್ಲ. ವೇದಿಕೆಗೆ ಯಾರೋ ಎಸೆದ ಬಾವಲಿಯನ್ನು ರಬ್ಬರಿನದು ಅಂದುಕೊಂಡು ಕಚ್ಚಿ ರೇಬೀಸ್ ಇಂಜೆಕ್ಷನ್ ತೆಗೆದುಕೊಂಡಿದ್ದೂ ನಿಜ. ಅಜ್ಜಿಯ ಅನುಮಾನ ಪೂರ್ತಿ ತಪ್ಪಾಗಿರಲಿಲ್ಲ. ಆದರೆ ಆ ದನಿಯಲ್ಲಿ ಠೀವಿ ಇರಲಿಲ್ಲ. ದಿಕ್ಕುಗೆಟ್ಟವನು ನಡುರಾತ್ರಿ ಕೂಗಿದಂತೆ ಹಾಡುತ್ತಿದ್ದ. ಹದಿನೈದರ ವಯಸ್ಸಿನಲ್ಲಿ ನನಗೆ ಬೇಕಾಗಿದ್ದುದು ಅದೇ.

ಪಾರ್ಕಿನ್ಸನ್ ಕಾಯಿಲೆ ಇದೆ ಅಂತ 2020ರಲ್ಲಿ ಹೇಳಿಕೊಂಡಿದ್ದ. ಸಾಯುವುದಕ್ಕೆ ಹದಿನೇಳು ದಿನ ಮುಂಚೆ, ಜುಲೈ 5ರಂದು, ಇಲ್ಲಿನ ವಿಲ್ಲಾ ಪಾರ್ಕ್ ಫುಟ್‌ಬಾಲ್ ಮೈದಾನದಲ್ಲಿ ಕೊನೇ ಕಾರ್ಯಕ್ರಮ ಕೊಟ್ಟ. ಅವನು ಬೆಳೆದ ಮನೆಗೆ ಕೂಗಳತೆ ದೂರ. ಹುಡುಗನಾಗಿದ್ದಾಗ ಪಂದ್ಯ ನೋಡಲು ಬಂದವರ ಕಾರು ಕಾದು ಚಿಲ್ಲರೆ ಕಾಸು ಇಸಿದುಕೊಳ್ಳುತ್ತಿದ್ದ ಜಾಗ. 2011ರಲ್ಲಿ ನಾನು ಅರಮನೆ ಮೈದಾನಕ್ಕೆ ಹೋಗಿ ತಡರಾತ್ರಿ ಬಂದು ನಿಮ್ಮಿಂದ ಬೈಸಿಕೊಂಡೆನಲ್ಲ, ಆ ಮೆಟಾಲಿಕಾ ಬ್ಯಾಂಡಿನವರೂ ಅವತ್ತು ಬಂದು ನುಡಿಸಿದರು. ನನಗೆ ಟಿಕೆಟ್ ಸಿಗಲಿಲ್ಲ. ಹೊರಗೆ ಟ್ರಿನಿಟಿ ರಸ್ತೆಯಲ್ಲಿ ನಿಂತು ಕೇಳಿದೆ. ಓಝಿ ಎದ್ದು ನಿಲ್ಲಲಾಗದೆ ಕಪ್ಪು ಸಿಂಹಾಸನದಲ್ಲಿ ಕೂತೇ ಹಾಡಿದ. ಮೊದಲ ನಾಲ್ವರೂ ಒಟ್ಟಿಗೆ ವೇದಿಕೆ ಹತ್ತಿದ್ದು ಇಪ್ಪತ್ತು ವರ್ಷಗಳ ಮೇಲೆ. ಅಮ್ಮಾ ಮನೆಗೆ ಬರ್ತಿದ್ದೀನಿ ಅನ್ನುವ ಹಾಡು ಬಂದಾಗ ದನಿ ನಡುಗುತ್ತಿತ್ತು. ನನ್ನ ಪಕ್ಕದಲ್ಲಿದ್ದ ಅರವತ್ತು ದಾಟಿದ ಲಾರಿ ಡ್ರೈವರ್ ಒಬ್ಬರು ಗೋಡೆ ಕಡೆ ಮುಖ ತಿರುಗಿಸಿಕೊಂಡರು.

ಜುಲೈ 30ರ ಬುಧವಾರ ಅರ್ಧ ದಿನ ರಜೆ ಹಾಕಿ ಬ್ರಾಡ್ ಸ್ಟ್ರೀಟಿಗೆ ಹೋದೆ. ಅಲ್ಲೊಂದು ಕಾಲುವೆ ಸೇತುವೆಗೆ ಬ್ಯಾಂಡಿನ ಹೆಸರನ್ನೇ ಇಟ್ಟಿದ್ದಾರೆ, ನಾಲ್ವರ ಮುಖ ಇರುವ ಬೆಂಚೂ ಇದೆ. ಬೆಂಚು ಹೂವಿನಲ್ಲಿ ಮುಳುಗಿಹೋಗಿತ್ತು. ಹೂವಿನ ನಡುವೆ ಬಿಯರ್ ಕ್ಯಾನು, ಆಟಿಕೆ ಬಾವಲಿ, ಮಕ್ಕಳು ಬರೆದ ಚಿತ್ರ. ಹಿತ್ತಾಳೆ ವಾದ್ಯದವರು ಅವನ ಹಾಡುಗಳನ್ನೇ ನುಡಿಸುತ್ತಾ ಮುಂದೆ, ಹಿಂದೆ ಅವನ ಗಾಡಿ. ಸೇತುವೆ ಹತ್ತಿರ ಹೆಂಡತಿ ಶ್ಯಾರನ್ ಮಕ್ಕಳ ತೋಳು ಹಿಡಿದು ಇಳಿದು, ಹೂಗಳನ್ನು ನೋಡಿ ಅತ್ತು, ಅವನು ಮಾಡುತ್ತಿದ್ದಂತೆಯೇ ಎರಡು ಬೆರಳು ಎತ್ತಿದರು. ಜನ ಅವನ ಹೆಸರು ಕೂಗಿದರು. ಅಪ್ಪು ಹೋದಾಗ ಕಂಠೀರವ ಸ್ಟೇಡಿಯಮ್ಮಿನ ಹೊರಗೆ ತಮ್ಮ ರಾತ್ರಿಯೆಲ್ಲಾ ನಿಂತು ಬಂದು ಮಾತೇ ಆಡಲಿಲ್ಲ ಅಂತ ಅಮ್ಮ ಹೇಳಿದ್ದಳು. ನನ್ನದೂ ಹಾಗೇ ಆಗಿತ್ತು ಅಂತ ಅವಳಿಗೆ ಹೇಳಿ.

ಆವತ್ತಿನಿಂದ ರಾತ್ರಿ ಊಟವಾದ ಮೇಲೆ 1970ರ ಮೊದಲ ರೆಕಾರ್ಡಿನಿಂದ ಹಿಡಿದು ಒಂದೊಂದಾಗಿ ಕೇಳುತ್ತಿದ್ದೇನೆ. ಮಳೆ ಸುರಿಯುವ ಸದ್ದು, ಚರ್ಚಿನ ಗಂಟೆಯಿಂದ ಶುರುವಾಗುವ ಅದನ್ನು ಒಂದೇ ದಿನದಲ್ಲಿ ಮುದ್ರಿಸಿದ್ದರು. ಯುದ್ಧ ಹೂಡುವ ದೊಡ್ಡವರನ್ನೂ ಸಾಯಲು ಹೋಗುವ ಬಡವರನ್ನೂ ಕುರಿತ ಹಾಡು ಈಗ ಮೊದಲಿಗಿಂತ ಚೆನ್ನಾಗಿ ಅರ್ಥವಾಗುತ್ತದೆ.

ನೀವು ಶಿಫ್ಟ್ ಮುಗಿಸಿ ಬಂದು, ನನ್ನ ರೂಮಿನ ಬಾಗಿಲಲ್ಲಿ ನಿಂತು, "ಹಗಲೆಲ್ಲಾ ಪ್ರೆಸ್ ಶಾಪ್‌ನಲ್ಲಿ ಕೇಳಿದ್ದು ಸಾಲದಾ, ಮನೆಗೂ ಅದೇ ತಂದಿದ್ದೀಯಾ" ಅನ್ನುತ್ತಿದ್ದಿರಿ. ಆಗ ನನಗೆ ಕೋಪ ಬರುತ್ತಿತ್ತು. ನಿಮ್ಮ ಕಿವಿ ಸರಿಯಾಗಿಯೇ ಕೇಳಿತ್ತು ಅಪ್ಪ. ಅದು ಅಲ್ಲಿಂದಲೇ ಬಂದದ್ದು.

ತಮ್ಮನಿಗೆ ಹೇಳಿ ಐರನ್ ಮ್ಯಾನ್ ಅನ್ನುವ ಹಾಡು ಹಾಕಿಸಿ. ಪೂರ್ತಿ ಬೇಡ, ಶುರುವಿನಲ್ಲಿ ಬರೀ ಡ್ರಮ್ ಇದೆ, ಗಿಟಾರ್ ಬರುವ ಮೊದಲು. ಅಷ್ಟು ಕೇಳಿ. ಅದು ಎಷ್ಟು ಟನ್ ಪ್ರೆಸ್ಸಿನ ಏಟು ಅಂತ ಭಾನುವಾರ ಫೋನಿನಲ್ಲಿ ನನಗೆ ಹೇಳಬೇಕು.

ಅಮ್ಮನಿಗೆ ನಮಸ್ಕಾರ, ತಮ್ಮನಿಗೆ ಪ್ರೀತಿ.

ಇತಿ ನಿಮ್ಮ ಮಗ