ಬಲೆ ಎಣಿಸಿದರೆ ಸಾಲದು, ಕಣ್ಣೂ ಅಳೆಯಬೇಕು

ಮಾನ್ಯರೇ,

ಅಲಾಸ್ಕಾದಲ್ಲಿ ಸಾಲ್ಮನ್ ಹಿಡಿಯುವುದೇ ನಿಂತಿದೆ ಎಂಬ ಅರ್ಥದ ನಿಮ್ಮ ಪತ್ರಿಕೆಯ ವರದಿ ಎರಡು ನದಿಗಳನ್ನು ಒಂದು ಮಾಡಿದೆ. 2024ರಲ್ಲಿ ಅಲಾಸ್ಕಾ ಮತ್ತು ಕೆನಡಾ ಸೇರಿ ಏಳು ವರ್ಷ ತಡೆದದ್ದು ಯೂಕಾನ್ ನದಿಯ ಚಿನೂಕ್ ಎಂಬ ದೊಡ್ಡ ಜಾತಿಯ ಸಾಲ್ಮನ್ ಹಿಡಿಯುವುದನ್ನು. ಅದರ ದಕ್ಷಿಣದ ಇನ್ನೊಂದು ನದಿ ಕಸ್ಕೊಕ್ವಿಮ್‌ನಲ್ಲಿ ಅಲ್ಲಿನ ಮೂಲನಿವಾಸಿ ಯುಪಿಕ್ ಕುಟುಂಬಗಳು ಮನೆಯ ಊಟಕ್ಕಾಗಿ ಹಿಡಿಯಲು ಗೊತ್ತುಪಡಿಸಿದ ದಿನಗಳಲ್ಲಿ, ಹಲವು ಸಲ ಬರೀ 12 ಗಂಟೆ, ಬಲೆ ಬಿಡಬಹುದು. ಹೆಚ್ಚು ಬಿಗಿ ಇರುವುದು ಕ್ವೆಥ್ಲುಕ್, ಕಿಸರಾಲಿಕ್, ಟುಲುಕ್ಸಾಕ್‌ನಂಥ ಉಪನದಿಗಳಲ್ಲಿ.

ಮುಖ್ಯ ನದಿಯ ಬಲೆಗೆ ಹಲವು ತೊರೆಗಳ ಮೀನು ಬೆರೆತು ಬೀಳುತ್ತದೆ, ನಷ್ಟ ಹಂಚಿಹೋಗುತ್ತದೆ. ಉಪನದಿಯೊಳಗೆ ಕಟ್ಟಿದ ಬಲೆ ಒಂದೇ ತೊರೆಯ ಸಂತತಿಯನ್ನು ಬಾಚುತ್ತದೆ. ಸಾಲ್ಮನ್ ಬಹುಪಾಲು ಹುಟ್ಟಿದ ತೊರೆಗೇ ಮರಳುವುದರಿಂದ ಪಕ್ಕದ ತೊರೆಯ ಮೀನು ಬಂದು ಬೇಗ ಭರ್ತಿ ಮಾಡುವುದಿಲ್ಲ.

ನಿರ್ಬಂಧದ ದಿನಗಳಲ್ಲಿ ಬೇರೆ ಮೀನಿಗೆಂದು ಸಾಮಾನ್ಯವಾಗಿ ಅನುಮತಿ ಕೊಡುವುದು 4 ಇಂಚು ಕಣ್ಣಿನ (ಕಣ್ಣು ಎಂದರೆ ಬಲೆಯ ಹೆಣಿಗೆಯ ಕಿಂಡಿ), 60 ಅಡಿಯ, ದಡದ ಬಳಿ ಕಟ್ಟುವ ಬಲೆ. ದೊಡ್ಡ ಚಿನೂಕ್‌ನ ತಲೆ ಅದರಲ್ಲಿ ಕಿವಿರಿನವರೆಗೆ ತೂರುವುದಿಲ್ಲ. ಹಾಗೆಂದು ಪೂರ್ತಿ ಪಾರಾಗುತ್ತದೆ ಎನ್ನುವಂತಿಲ್ಲ: ಹಲ್ಲು, ದವಡೆ ಸಿಕ್ಕಿಕೊಳ್ಳುತ್ತವೆ, ಎಳೆಯ ಗಂಡುಗಳು ನೇರವಾಗಿ ಬೀಳುತ್ತವೆ. ಕಣ್ಣನ್ನು ಕೈಯಲ್ಲಿ ಹಿಗ್ಗಿಸಿ ಅಂದಾಜು ಹೇಳಿದರೆ ಜಗಳವೇ ಗತಿ. ನಿಯಮದ ಕ್ರಮ ಬೇರೆ. ಬಲೆ ಒದ್ದೆಯಾಗಿರಬೇಕು. ಸಾಲಾಗಿ 10 ಕಣ್ಣುಗಳನ್ನು ಒಂದೇ ಮೊಳೆಗೆ ನೇತುಹಾಕಿ, ಕೆಳಗೆ 5 ಪೌಂಡ್, ಅಂದರೆ ಸುಮಾರು 2.3 ಕಿಲೊ ತೂಕ ಕಟ್ಟಿ, ಮೊದಲ ಗಂಟಿನ ಒಳಬದಿಯಿಂದ ಕೊನೆಯ ಗಂಟು ಸೇರಿಸಿ ಲೋಹದ ಟೇಪಿನಲ್ಲಿ ಅಳೆದು ಹತ್ತರಿಂದ ಭಾಗಿಸಬೇಕು.

ಮುಖ್ಯ ನದಿಯಲ್ಲಿ ಹಿಡಿದ ಮೀನಿನ ಅಂದಾಜಿಗೆ ವಿಮಾನದಿಂದ ದೋಣಿ ಎಣಿಸುತ್ತಾರೆ. ದಡದಲ್ಲಿ ಬಲೆಯ ಉದ್ದ, ನೀರಲ್ಲಿದ್ದ ಹೊತ್ತು, ಜಾತಿವಾರು ಮೀನು ಕೇಳುತ್ತಾರೆ. ಕಸ್ಕೊಕ್ವಿಮ್ ದಡದ ಬೆತೆಲ್ ಪಟ್ಟಣದ ದೋಣಿಕಟ್ಟೆಯಲ್ಲಷ್ಟೇ ಕೇಳಿದರೆ ಲೆಕ್ಕ ವಾಲುತ್ತದೆ, ಹೊಳೆದಂಡೆಯ ಬಿಡಾರಗಳಲ್ಲೇ ಮೀನು ಇಳಿಸುವವರು ಅದರಲ್ಲಿ ಬರುವುದೇ ಇಲ್ಲ. ಅದೇ ದಿನ ಕೇಳುವುದು ಮೇಲು. ಸೀಳಿ ಒಣಗಲು ಹಾಕಿದ ಮೇಲೆ ಎಣಿಕೆ ನೆನಪಿನ ಮಾತು.

ಉಪನದಿಗಳಲ್ಲಿ ಎಣಿಕೆಗೆ ಆಧಾರ ಅಡ್ಡಬೇಲಿ, ಅಂದರೆ ಮೀನು ಎಣಿಸುವ ಕಿಂಡಿಯಿಂದಷ್ಟೇ ಮೇಲಕ್ಕೆ ಹೋಗುವಂತೆ ತೊರೆಗೆ ಅಡ್ಡ ಕಟ್ಟುವ ಬೇಲಿ. ನೀರೇರಿದಾಗ ತೇಲುಬೇಲಿಯ ಹಲಗೆಗಳು ಮುಳುಗಿ ಮೀನು ಮೇಲಿಂದ ದಾಟುತ್ತದೆ. ಆ ದಿನಗಳಿಗೆ ಹಿಂದುಮುಂದಿನ ಎಣಿಕೆ ನೋಡಿ ಅಂದಾಜು ತುಂಬುತ್ತಾರೆ. ಮೀನು ಗುಂಪಾಗಿ ನದಿಯೇರುವ ಓಟದ ನಡುವಿನ ದಿನಗಳೇ ಬಹಳ ಕಳೆದರೆ ವರ್ಷದ ಮೊತ್ತವನ್ನು ನೆಚ್ಚುವಂತಿಲ್ಲ. ಬೇಲಿಯ ಕೆಳಗೆ ಹಿಡಿದದ್ದೂ ಆ ಲೆಕ್ಕಕ್ಕೆ ಸೇರುವುದಿಲ್ಲ. ಮುಂದೆ ಅಂಕಿ ಅಚ್ಚುಮಾಡುವಾಗ ಅದು ಬೇಲಿಯದೋ, ನೀರಿನೊಳಗೆ ಶಬ್ದದಲೆಯಿಂದ ಮೀನು ಗುರುತಿಸುವ ಸೋನಾರ್‌ನದೋ, ಮಾದರಿಗಾಗಿ ಬಿಡುವ ಪರೀಕ್ಷಾ ಬಲೆಯದೋ ಎಂದು ದಯವಿಟ್ಟು ಸೇರಿಸಿ.

ಇಂತಿ,
ಮೀನುಗಾರಿಕೆ ವಿಷಯದ ಓದುಗರು, ಮಂಗಳೂರು